ಗಲ್ಲಿ ಮುಂದಿನ ಬೋರ್ಡು

ಜೂನ್ 3, ಮಂಗಳವಾರ

ಒಂಬತ್ತಕ್ಕೆ ಅಂಗಡಿ ತೆರೆದೆ. ಎಂದಿನಂತೆ ಬೋರ್ಡು ಹೊತ್ತುಕೊಂಡು ಹೋಗಿ ಮೇನ್ ರೋಡಿನ ಫುಟ್‌ಪಾತ್ ಮೇಲೆ ನಿಲ್ಲಿಸಿ ಬಂದೆ. 'ಸೀರೆ ಫಾಲ್, ಜಿಗ್‌ಜಾಗ್, ಕುಚ್ಚು – ಗಲ್ಲಿಯ ಒಳಗೆ'. ಕೆಳಗೆ ಬಾಣದ ಗುರುತು. ಅದಿಲ್ಲದ ದಿನ ಈ ಗಲ್ಲಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲ.

ಮಾವಿನ ಕಾಲ. ಮಂಡಿಗೆ ಹೋಗುವ ಟೆಂಪೊಗಳಿಂದ ಶ್ರೀನಿವಾಸಪುರದಲ್ಲಿ ರಸ್ತೆ ದಾಟುವುದೇ ಕಷ್ಟ.

ಭಾರತಮ್ಮ ಹತ್ತಕ್ಕೆ ಬಂದರು. ನನ್ನ ಅಂಗಡಿಯ ಕುಚ್ಚೆಲ್ಲ ಅವರ ಕೈಯದೇ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ರಿಟೈರ್ ಆದವರು, ಮನೆಯಲ್ಲಿ ಸುಮ್ಮನೆ ಕೂರಲಾರದೆ ಬರುತ್ತಾರೆ. ನಂಗಲಿಯವರ ಮದುವೆ ಸೀರೆಗಳು ಇನ್ನೂ ಮುಗಿದಿಲ್ಲ. ಮಧ್ಯಾಹ್ನ ಅವರು ತಂದ ಮುದ್ದೆ, ಬಸ್ಸಾರು ಹಂಚಿಕೊಂಡು ತಿಂದೆವು. ಮತ್ತೆ ಕೆಲಸ.

ಜೂನ್ 5, ಗುರುವಾರ, ಸಂಜೆ

ಭಾರತಮ್ಮನಿಗೆ ಟೆಂಪೊ ಹೊಡೆಯಿತು.

ಗಲ್ಲಿಯ ತುದಿಯಲ್ಲೇ ಇದ್ದೆ. ಗಾಳಿಗೆ ಬಿದ್ದ ಬೋರ್ಡು ಎತ್ತಿ ನಿಲ್ಲಿಸುತ್ತಿದ್ದೆ. ಅವರು ಬರುವುದು ಕಂಡಿತು. ಸುಬ್ಬರಾಯಪ್ಪನವರ ಮೆಡಿಕಲ್ ಸ್ಟೋರಿನ ಬೋರ್ಡು ಫುಟ್‌ಪಾತನ್ನು ಪೂರ್ತಿ ಹಿಡಿದುಕೊಂಡಿತ್ತು. ಭಾರತಮ್ಮ ರಸ್ತೆಗೆ ಇಳಿದರು. ಅದನ್ನು ದಾಟಿದ ಮೇಲೆ ಮತ್ತೆ ಹತ್ತಬಹುದಿತ್ತು. ಹತ್ತಬೇಕಾದ ಜಾಗದಲ್ಲಿ ನನ್ನ ಬೋರ್ಡು. ಇನ್ನೂ ಎರಡು ಹೆಜ್ಜೆ ರಸ್ತೆಯಲ್ಲೇ ನಡೆದರು... ಹಿಂದಿನಿಂದ ಮಾವಿನ ಟೆಂಪೊ.

ಸೊಂಟದ ಮೂಳೆ. ಕೋಲಾರಕ್ಕೆ ಕರೆದುಕೊಂಡು ಹೋದರು. ಆಂಬುಲೆನ್ಸ್ ಹತ್ತುವಾಗ ಅವರ ಮಗ ಮುನಿಕೃಷ್ಣ ನನ್ನ ಕಡೆ ನೋಡಿದ.

ಜೂನ್ 9, ಸೋಮವಾರ

ಆಪರೇಷನ್ ಆಯಿತಂತೆ. ಮುದುಕಿ ಸುಮ್ಮಸುಮ್ಮನೆ ಅಡ್ಡ ಬಂದಳು ಎಂದು ಟೆಂಪೊದವನು ಹೇಳಿದ್ದಾನೆ. ಮುನಿಕೃಷ್ಣನಿಗೆ ಅದೇ ಉರಿ. ಅಮ್ಮ ಯಾಕೆ ರಸ್ತೆಗಿಳಿಯಬೇಕಾಯಿತು, ವಿಚಾರಿಸಿ ಎಂದು ಪುರಸಭೆಗೆ ದೂರು ಬರೆದುಕೊಟ್ಟಿದ್ದಾನೆ.

ಸಂಜೆ ಸುಬ್ಬರಾಯಪ್ಪ ಬಂದರು. ವರ್ತಕರ ಸಂಘದ ಅಧ್ಯಕ್ಷರು; ನನ್ನ ಅಂಗಡಿಯ ರೂಮೂ ಅವರದೇ. ಪುರಸಭೆಯವರು ಸ್ಥಳ ನೋಡಲು ಬರುತ್ತಾರಂತೆ. ಕಣ್ಣಾರೆ ಕಂಡವಳು ನಾನೊಬ್ಬಳೇ ಅಂತೆ.

"ತಲೆ ತಿರುಗಿ ಕೆಳಗಿಳಿದ್ರು ಅಂತ ಹೇಳಮ್ಮ. ವಯಸ್ಸಾದವ್ರು, ಯಾರೂ ಅನುಮಾನ ಪಡಲ್ಲ. ನಿನ್ ಬೋರ್ಡೂ ಉಳ್ಕೊಳ್ತದೆ, ನಮ್ದೂ ಉಳ್ಕೊಳ್ತದೆ."

ಗದರಲಿಲ್ಲ. ಮೆತ್ತಗೆ ಹೇಳಿದರು. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಜೂನ್ 12, ಗುರುವಾರ

ಪುರಸಭೆಯಿಂದ ಶಿರೀಷಾ ಮೇಡಂ ಬಂದರು. ಚಿಕ್ಕ ವಯಸ್ಸು. ಟೇಪು ಹಿಡಿದು ತಾವೇ ಅಳೆದರು. ಆಮೇಲೆ ನನ್ನನ್ನು ಕರೆಸಿದರು. ಸುಬ್ಬರಾಯಪ್ಪ ಪಕ್ಕದಲ್ಲೇ ನಿಂತಿದ್ದರು.

"ಅವತ್ತು ಫುಟ್‌ಪಾತ್ ಮೇಲೆ ನಡೆಯೋಕೆ ಜಾಗ ಇತ್ತಾ?"

"ಇರ್ಲಿಲ್ಲ ಮೇಡಂ."

"ಯಾರ್ಯಾರ ಬೋರ್ಡಿತ್ತು?"

"ಮೆಡಿಕಲ್ಲಿಂದು. ಆಮೇಲೆ... ನಂದು."

ಮೇಡಂ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಸುಬ್ಬರಾಯಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಒಳ್ಳೆಯದೇ ಮಾಡಿದೆ ಅಂದರು. ಆಮೇಲೆ ರೂಮಿನ ಬಾಡಿಗೆ ಯಾವತ್ತು ಕಟ್ಟಬೇಕು ಎಂದು ಕೇಳಿದರು.

ಜೂನ್ 23, ಸೋಮವಾರ

ಟ್ರ್ಯಾಕ್ಟರ್ ಬಂತು. ಬೀದಿಯ ಬೋರ್ಡೆಲ್ಲ ತುಂಬಿಕೊಂಡು ಹೋದರು. ನನ್ನದನ್ನು ನಾನೇ ಎತ್ತಿಕೊಟ್ಟೆ.

ಇನ್ನು ಗೋಡೆಯ ಮೇಲೆ ಮಾತ್ರ, ಅದೂ ಅನುಮತಿ ಪಡೆದು. ವಿಚಾರಿಸಲು ಹೋದೆ. ಶಿರೀಷಾ ಮೇಡಂ ಕೂರಿಸಿ ನಿಧಾನವಾಗಿ ತಿಳಿಸಿದರು. ಗೋಡೆಯ ಮಾಲೀಕರು ಒಪ್ಪಿದರೆ ನಾನೂ ಮೇನ್ ರೋಡಿಗೆ ಕಾಣುವಂತೆ ಹಾಕಿಸಬಹುದು. ಗಲ್ಲಿಯ ಎರಡೂ ಕಡೆಯ ಗೋಡೆ ಸುಬ್ಬರಾಯಪ್ಪನವರದು.

ಹೋಗಿ ಕೇಳಿದೆ. ನಾಚಿಕೆ ಬಿಟ್ಟು ಕೇಳಿದೆ. ಗೋಡೆಗೆ ಪೇಂಟ್ ಮಾಡಿಸುತ್ತಿದ್ದೇನೆ ಅಂದರು. ಅಷ್ಟೇ.

ಯಾರನ್ನು ಬೈಯಲಿ? ರೂಲು ಸರಿಯಾಗಿಯೇ ಇದೆ.

ಜುಲೈ 19, ಶನಿವಾರ

ಆಷಾಢ. ಗಿರಾಕಿಗಳಿಲ್ಲ. ಆಷಾಢದಲ್ಲಿ ಹೀಗೇ ಅಂದುಕೊಳ್ಳುತ್ತಿದ್ದೇನೆ... ಬೆಳಿಗ್ಗೆ ಒಬ್ಬಾಕೆ ಫೋನ್ ಮಾಡಿ ಅಂಗಡಿ ಎತ್ತಿಬಿಟ್ಟಿರಾ ಎಂದು ಕೇಳಿದಳು. ಗಲ್ಲಿಯ ಮುಂದೆಯೇ ನಿಂತಿದ್ದಳಂತೆ. ಓಡಿಹೋಗುವಷ್ಟರಲ್ಲಿ ಆಟೊ ಹತ್ತಿ ಹೋಗಿದ್ದಳು.

ಫುಟ್‌ಪಾತ್ ಮೇಲೆ ಈಗ ಬೈಕುಗಳು. ಜನ ಮತ್ತೆ ರಸ್ತೆಯಲ್ಲೇ ನಡೆಯುತ್ತಿದ್ದಾರೆ.

ಜುಲೈ 30, ಬುಧವಾರ

ಭಾರತಮ್ಮನನ್ನು ಮನೆಗೆ ಕರೆತಂದಿದ್ದಾರೆ. ನೋಡಲು ಹೋದೆ. ಮುನಿಕೃಷ್ಣ ಬಾಗಿಲು ತೆಗೆದು ಪಕ್ಕಕ್ಕೆ ಸರಿದ. ವಾಕರ್ ಮೂಲೆಯಲ್ಲಿತ್ತು. ಭಾರತಮ್ಮನಿಗೆ ಅದನ್ನು ಹಿಡಿದು ನಿಲ್ಲಲೂ ಆಗುತ್ತಿಲ್ಲ. ಇನ್ನು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರಂತೆ. ಅವರ ಕಾಲಿನ ಹತ್ತಿರ ಕೂತೆ. ಅವರು ಕೇಳಿದ್ದು ನನ್ನ ಬೋರ್ಡಿನ ಬಗ್ಗೆ.

"ತೆಗೆಸ್ಬಿಟ್ರಂತಲ್ಲ ತಲ್ಲೀ. ಜನ ಹೆಂಗೆ ಬರ್ತಾರೆ ನಿನ್ ತಾವ?"

ಬರುತ್ತಿದ್ದಾರೆ ಅಂದೆ.

"ಹಂಗಾದ್ರೆ ಸೀರೆ ಇಲ್ಲಿಗೇ ತಂದ್ಕೊಡು. ಕಾಲು ಹೋದ್ರೆ ಹೋಗ್ಲಿ, ಕೈ ನೆಟ್ಟಗೈತೆ."

ಆಗಸ್ಟ್ 4, ಸೋಮವಾರ

ಶುಕ್ರವಾರ ವರಮಹಾಲಕ್ಷ್ಮಿ. ಹೋದ ವರ್ಷ ಇಷ್ಟು ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇವತ್ತು ಬ್ಲೌಸಿಗೆ ಹುಕ್ಕು ಹಾಕಿಸಲು ಒಬ್ಬರು ಬಂದಿದ್ದರು.

ಈ ತಿಂಗಳ ಕೊನೆಗೆ ರೂಮು ಬಿಡಬೇಕಂತೆ. ಔಷಧಿ ಬಾಕ್ಸು ಇಡಲು ಬೇಕು ಎಂದು ಸುಬ್ಬರಾಯಪ್ಪ ಹೇಳಿಕಳಿಸಿದ್ದಾರೆ.

ಮಧ್ಯಾಹ್ನವೇ ಬಾಗಿಲು ಹಾಕಿ ಮನೆಗೆ ಬಂದೆ. ಬೀರು ತೆಗೆದೆ. ನನ್ನ ಮದುವೆಯ ಸೀರೆಯ ಹಳೆಯ ಕುಚ್ಚು ಬಿಚ್ಚಿದೆ. ಗಿರಾಕಿಯದು, ಹಬ್ಬಕ್ಕೆ ಬೇಕಂತೆ ಎಂದು ಭಾರತಮ್ಮನಿಗೆ ಕೊಟ್ಟು ಬಂದೆ.

ಆಗಸ್ಟ್ 7, ಗುರುವಾರ

ಸೀರೆ ತರಲು ಹೋದೆ. ದಿಂಬಿಗೆ ಒರಗಿಕೊಂಡೇ ಹಾಕಿ ಮುಗಿಸಿದ್ದಾರೆ. ಒಂದು ಗಂಟೂ ಹೆಚ್ಚುಕಮ್ಮಿ ಇಲ್ಲ. ಯಾರ ಸೀರೆ ಎಂದು ಕೇಳಿದರು. ಕುರುಡುಮಲೆ ಕಡೆಯವರದು ಅಂದೆ. ಅಷ್ಟು ದೂರದಿಂದ ಹುಡುಕಿಕೊಂಡು ಬರುತ್ತಾರಲ್ಲ ಎಂದು ಮುಖ ಅರಳಿಸಿದರು. ನಾನು ಸೀರೆ ಮಡಿಸುವುದರಲ್ಲೇ ಇದ್ದೆ, ತಲೆ ಎತ್ತಲಿಲ್ಲ.

ಮುನಿಕೃಷ್ಣ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಗಿರಾಕಿಗಳಿಲ್ಲವೆಂದು ಅವನಿಗೆ ಗೊತ್ತಾಗಿದೆ. ದಿನಾ ಅಂಗಡಿ ಮುಂದೆಯೇ ಓಡಾಡುವವನು. ಗೇಟಿನವರೆಗೆ ಬಂದ. ಅಕ್ಕಾ, ಅಂದ. ಗೇಟು ತೆರೆದು ಹಿಡಿದ.

ಹಬ್ಬ ಮುಗಿದ ಕೂಡಲೇ ಇನ್ನಷ್ಟು ಸೀರೆ ತಂದುಕೊಡು ಅಂದಿದ್ದಾರೆ ಭಾರತಮ್ಮ. ಆಯ್ತು ಅಂದು ಬಂದೆ.

ಬೀರುವಿನಲ್ಲಿ ಕುಚ್ಚು ಹಾಕಿಸುವಂಥ ಸೀರೆ ಇನ್ನು ಇರುವುದು ನಮ್ಮಮ್ಮನದೊಂದು, ತಂಗಿ ಕೊಟ್ಟದ್ದೊಂದು. ಅದಾದ ಮೇಲೆ —