ಬಟ್ಟಲಲ್ಲಿ ಉಳಿದ ಆರು ಗುಂಡಿ

ಆಸ್ಪತ್ರೆಯ ಲ್ಯಾಬು
ಮಂಗಳವಾರ, ಸೆಪ್ಟೆಂಬರ್ ೧೪, ಊಟದ ಬಿಡುವು

ಪ್ರೀತಿಯ ತಮ್ಮಣ್ಣಾ,

ಹೇಗಿದ್ದೀಯ? ಕೊಳವೆಬಾವಿ ಕೊರೆಯುವ ಆ ಕ್ಯಾಂಪಿನಲ್ಲಿ ಬೆನ್ನುನೋವು ಕಡಿಮೆಯಾಯಿತೇ? ಫೋನು ಸಿಗದ ಜಾಗಕ್ಕೆ ಹೋದವನಿಗೆ ಕಾಗದವೇ ಗತಿ, ಅದರಲ್ಲೂ ನನ್ನ ಕೈಬರಹ ಓದುವುದು ದುರ್ಗತಿ. ನಿಮ್ಮ ಸಾಮಾನಿನ ಲಾರಿ ಮೂರು ಗಂಟೆಗೆ ಹೊರಡುತ್ತದೆ, ಡ್ರೈವರು ಗೇಟಿನ ಬಳಿ ಕಾಯುತ್ತೇನೆಂದಿದ್ದಾನೆ. ನಾನು ಗಟ್ಟಿಯಾಗಿದ್ದೇನೆ. ಮಂಡಿ ಕಿರುಗುಟ್ಟುತ್ತದೆ, ಲ್ಯಾಬಿನ ಕುರ್ಚಿಯೂ ಕಿರುಗುಟ್ಟುತ್ತದೆ, ಯಾವುದು ಯಾವುದೆಂದು ಹೇಳುವುದು ಕಷ್ಟ.

ಇನ್ನು ನಿನ್ನ ಹೆಂಡತಿಯ ವಿಷಯ. ಏಳು ತಿಂಗಳು ತುಂಬಿತು. ಜ್ವರವಿಲ್ಲ, ಸ್ವರಕ್ಕಂತೂ ಬರವಿಲ್ಲ. ಮುಖ ಮಾತ್ರ ಬಿಳುಚಿದೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆಯ ಗಡಿಯಾರ ನೋಡುವವಳಂತೆ ನಟಿಸುತ್ತಾಳೆ. ಆ ಗೋಡೆಯಲ್ಲಿ ಗಡಿಯಾರವೇ ಇಲ್ಲ.

ಜುಲೈಯಲ್ಲಿ ನೀನು ಹೊರಟ ವಾರ ಅವಳಿಗೆ ಒಂದು ದಿನ ಮೈ ಬೆಚ್ಚಗಾಗಿತ್ತು. "ಮಲೇರಿಯಾ ನನಗೆ ಹಳೇ ನೆಂಟ, ಚಿಕ್ಕವಳಿದ್ದಾಗ ವರ್ಷಕ್ಕೆರಡು ಸಲ ಬಂದು ಹೋಗೋನು" ಎಂದು ನಕ್ಕಳು. ಆದರೂ ಬಿಡದೆ ಲ್ಯಾಬಿಗೆ ಕರೆತಂದು, ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ ನಾನೇ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನನ್ನ ಗುಂಡಿಗಳ ಪದ್ಧತಿ ನಿನಗೆ ಗೊತ್ತೇ ಇದೆ, ಅವು ನಿನ್ನ ಶಾಲೆಯ ಅಂಗಿಯವೇ. ಗಾಜು ಸರಿಸುತ್ತಾ ಹತ್ತು ಜಾಗ ನೋಡಿದರೆ ಒಂದು ಗುಂಡಿ ಎಡಗಡೆಯ ಬಟ್ಟಲಿನಿಂದ ಬಲಗಡೆಯದಕ್ಕೆ. ಹತ್ತೂ ಗುಂಡಿ ದಾಟಿದ ಮೇಲೆಯೇ 'ಕಾಣಲಿಲ್ಲ' ಎಂದು ಬರೆಯಬೇಕು. ಅವಳು ಎದುರಿನ ಸ್ಟೂಲಿನ ಮೇಲೆ ಕೂತು, "ಅಕ್ಕಾ, ಸರಿಯಾಗಿ ನೋಡಿ, ನಿಮ್ಮ ತಮ್ಮನೇ ಎಲ್ಲಾದ್ರೂ ಅಡಗಿ ಕೂತಿರ್ತಾರೆ" ಎಂದಳು. ನಗು ಬಂದು ಕಣ್ಣು ತೆಗೆದೆ. 'ಕಾಣಲಿಲ್ಲ' ಎಂದು ಬರೆದೆ. ಇಬ್ಬರೂ ಚಹಾ ಕುಡಿದೆವು.

ಕಳೆದ ಗುರುವಾರ ಡಾಕ್ಟರಮ್ಮ ಟೇಪು ಹಿಡಿದು ಹೊಟ್ಟೆ ಅಳೆದರು, ಇನ್ನೊಮ್ಮೆ ಅಳೆದರು. ಸ್ಕ್ಯಾನಿನಲ್ಲಿ ಕೂಸು ಮೂರು ವಾರದಷ್ಟು ಹಿಂದೆ ಬಿದ್ದಿದೆ. ಮತ್ತೆ ರಕ್ತ ತೆಗೆದರು. ಈ ಸಲ ಪಕ್ಕದ ಮೇಜಿನವರು ನೋಡಿದರು, ಮಲೇರಿಯಾ ಕಂಡಿತು. ಡಾಕ್ಟರಮ್ಮ ಹೇಳಿದ್ದು ಇಷ್ಟು: ಚಿಕ್ಕಂದಿನ ಜ್ವರಗಳಿಂದ ಅವಳ ಮೈ ಈ ರೋಗಾಣುವಿನೊಡನೆ ಕಾದಾಡಿ ಪಳಗಿದೆ, ಅದಕ್ಕೇ ಜ್ವರ ಏರಲಿಲ್ಲ. ಆದರೆ ಚೊಚ್ಚಲ ಬಸಿರಿನಲ್ಲಿ, ಕೂಸಿಗೆ ಊಟ ಸಾಗಿಸುವ ಮಾಸು ಅದಕ್ಕೆ ಸಿಕ್ಕ ಹೊಸ ಮನೆ. ರೋಗಾಣು ಹೊಸದೊಂದು ಕೊಕ್ಕೆ ಹಾಕಿಕೊಂಡು ಬಂದು ಅಲ್ಲಿ ಅಂಟಿ ಕೂರುತ್ತದೆ. ಪಳಗಿದ ಮೈಗೂ ಆ ಕೊಕ್ಕೆಯ ಗುರುತಿಲ್ಲ. ಬೆರಳಿನ ರಕ್ತಕ್ಕೆ ಒಂದೋ ಎರಡೋ ಬಂದರೆ ಬಂದವು. ತಡವಾಗಿ ಎಚ್ಚೆತ್ತ ಮೈ ತನ್ನ ಕಾವಲಿನ ಬಿಳಿ ರಕ್ತಕಣಗಳನ್ನೆಲ್ಲ ಅಲ್ಲಿಗೆ ನುಗ್ಗಿಸುತ್ತದೆ. ಅವು ಸೇರಿ ಮಾಸು ಬಾತು, ದಪ್ಪಗಾಗಿ, ಕೂಸಿನ ಊಟದ ದಾರಿ ಕಟ್ಟಿಕೊಳ್ಳುತ್ತದೆ. "ಶತ್ರು ಅರ್ಧ ಕೆಡಿಸ್ತಾನೆ, ಕಾಯೋಕೆ ಬಂದವರು ಮಿಕ್ಕರ್ಧ ಕೆಡಿಸ್ತಾರೆ" ಎಂದರು. ನಾನು ಮೇಜಿನ ಅಂಚು ನೋಡುತ್ತಿದ್ದೆ.

ಮೂರು ದಿನದ ಮಾತ್ರೆ ಮುಗಿದಿದೆ. ರೋಗಾಣು ಸಾಯುತ್ತದಂತೆ, ಆದರೆ ಬಾವು ಅಷ್ಟು ಬೇಗ ಇಳಿಯುವುದಿಲ್ಲವಂತೆ. ಅವಳು ಕೂಸಿಗೆ ಟೋಪಿ ಹೆಣೆಯುತ್ತಿದ್ದಾಳೆ. ಅಳತೆ ಚಿಕ್ಕದು ಮಾಡು ಎನ್ನಲಾರದೆ ನಾನು ನೂಲು ಸುತ್ತಿ ಕೊಡುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ನೀರು ಕಾಯಿಸಿ ಕುಡಿ. ನಿನ್ನನ್ನು ಹೊತ್ತು ತಿರುಗಿದ ಈ ಸೊಂಟದ ಹಾರೈಕೆ ನಿನ್ನ ಬೆನ್ನಿಗಿರಲಿ.

ನಿನ್ನ
ಅಕ್ಕ

ವಿ.ಸೂ.: ಲಾರಿ ಹಾರ್ನ್ ಹಾಕುತ್ತಿದೆ. ಮೇಲೆ ಇದನ್ನು ಬರೆಯಲು ಕೈ ಬರಲಿಲ್ಲ. ಹಳೆಯ ಗಾಜುಗಳನ್ನು ನಾವು ಆರು ತಿಂಗಳು ಎತ್ತಿಡುತ್ತೇವೆ. ಅವಳ ಜುಲೈ ಗಾಜನ್ನು ನಿನ್ನೆ ತೆಗೆದು ನೋಡಿದೆ. ಏಳನೆಯ ಗುಂಡಿಯ ಸರದಿಯಲ್ಲಿ ರೋಗಾಣು ಇತ್ತು, ಉಂಗುರದ ಹಾಗೆ, ಸ್ಪಷ್ಟವಾಗಿ. ಅವತ್ತು ನಾನು ದಾಟಿಸಿದ್ದು ನಾಲ್ಕೇ ಗುಂಡಿ. ಡಾಕ್ಟರಮ್ಮನಿಗೆ ಹೇಳಿದ್ದೇನೆ, ಅವಳಿಗೆ ಹೇಳಿಲ್ಲ. ಬೆಳಿಗ್ಗೆಯಿಂದ ಕೂಸಿನ ಒದೆತ ಕಡಿಮೆಯಾಗಿದೆ, ವಾರ್ಡಿಗೆ ಸೇರಿಸಿದ್ದೇವೆ. ಈ ವಾರವೇ ಹೆರಿಗೆ ಮಾಡಿಸಬೇಕಾಗಬಹುದು. ಲಾರಿ ವಾಪಸು ಬರುವಾಗ ಉತ್ತರ ಕಳಿಸಬೇಡ. ನೀನೇ ಹತ್ತಿ ಬಾ.