ದೂರು ತಲುಪಿದೆ

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ನನ್ನ ತಂಗಿಯ ಮಗಳನ್ನು ಅವಳ ಚಿಕ್ಕಪ್ಪ ನಿಮ್ಮ ಶಾಲೆಯಿಂದ ಬಿಡಿಸುತ್ತಿದ್ದಾನೆ. ಇದನ್ನು ತಿಳಿಸಿದವರು ಅವರ ಪಕ್ಕದ ಮನೆಯ ಹೊಲಿಗೆಯಮ್ಮ.

ಹೆಸರು ಗುಟ್ಟಾಗಿರುತ್ತದೆ ಎಂದು ನೀವು ಹೇಳಿದ್ದನ್ನು ನಂಬಿ ಹುಡುಗಿ ಶಾಲೆಯ ಕಂಪ್ಯೂಟರಿನಲ್ಲಿ ಚಿಕ್ಕಪ್ಪನ ಮೇಲೆ ದೂರು ಕೊಟ್ಟಳು. ಅದರಲ್ಲಿದ್ದುದನ್ನು ನೀವು ಓದಿದ್ದೀರಿ, ನಾನು ಮತ್ತೆ ಬರೆಯಲಾರೆ. 'ನಿಮ್ಮ ಮಗುವಿನ ದೂರು ತಲುಪಿದೆ' ಎಂಬ ಸಂದೇಶ ಕಂಪ್ಯೂಟರಿನಿಂದ ತಾನಾಗಿಯೇ ಪೋಷಕರ ಮೊಬೈಲಿಗೆ ಹೋಯಿತು. ತಂಗಿ ಮತ್ತು ಅವಳ ಗಂಡ ತೀರಿಕೊಂಡ ಮೇಲೆ ಪೋಷಕ ಅವನೇ. ಊಟಕ್ಕೆ ಕೂತವರ ಮುಂದೆ ಅದನ್ನು ಗಟ್ಟಿಯಾಗಿ ಓದಿ, "ಏನಮ್ಮ ತಾಯಿ, ಉಂಡ ಮನೆ ಜಂತೆ ಎಣಿಸೋದನ್ನೂ ಶಾಲೇಲೇ ಕಲಿಸ್ತಾರಾ?" ಎಂದು ನಕ್ಕನಂತೆ.

ಮಕ್ಕಳ ರಕ್ಷಣಾ ಕಚೇರಿಯವರು ದೂರಿನ ಪ್ರತಿಯಿಲ್ಲದೆ ಏನೂ ಮಾಡಲಾಗದು ಎನ್ನುತ್ತಾರೆ. ನಿಮ್ಮ ಗುಮಾಸ್ತರನ್ನು ಕೇಳಿದರೆ, "ಅದು ಗುಟ್ಟಿನ ವಿಷಯ ಕಣಮ್ಮ, ಪೋಷಕರನ್ನ ಬಿಟ್ಟು ಯಾರಿಗೂ ಕೊಡೋ ಹಾಗಿಲ್ಲ" ಎಂದರು.

ದಯವಿಟ್ಟು ಪ್ರತಿಯನ್ನು ನೀವೇ ಆ ಕಚೇರಿಗೆ ಕಳುಹಿಸಿ. ಅವನ ಮೊಬೈಲಿಗೆ ಇನ್ನೊಂದು ಸಂದೇಶ ಹೋಗದಿರಲಿ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅವನು ವರ್ಗಾವಣೆ ಪತ್ರ ಪಡೆಯಲು ನಿಮ್ಮ ಕಚೇರಿಗೆ ಬರುತ್ತಾನೆ.

ಹುಡುಗಿಯ ದೊಡ್ಡಮ್ಮ