ಬಿಳಿ ವಿಮಾನದಿಂದ ಇಳಿದಾತ

ಡಿಸೆಂಬರ್ ೩, ಬುಧವಾರ

ನನ್ನ ಗಂಡ ಡೆಲ್ಮರ್‌ಗೆ ಇನ್ನೂ ನಿದ್ದೆ ಬಂದಿಲ್ಲ. ಪಕ್ಕದಲ್ಲೇ ಹೊರಳಾಡುತ್ತಿದ್ದಾನೆ.

ಕಾಲೇಜು ಫುಟ್‌ಬಾಲ್ ತಂಡದ ಕೋಚ್‌ನನ್ನು ಕಿತ್ತುಹಾಕಿದಾಗಿನಿಂದ ಅಲಬಾಮದ ಈ ಪುಟ್ಟ ಊರಿನಲ್ಲಿ ಬೇರೆ ಮಾತೇ ಇಲ್ಲ. ಹೊಸಬ ಯಾರೆಂದು ಕಾಲೇಜಿನವರು ಬಾಯಿ ಬಿಡುವುದಿಲ್ಲ. ಹಾಗಾಗಿ ಹೊಸ ಕೋಚ್ ಇಳಿಯಬಹುದೆಂದು ಊರಿಗೆ ಬರುವ ಪ್ರತಿ ವಿಮಾನವನ್ನೂ ಜನ ಕಾಯುತ್ತಾರೆ. ಇವತ್ತು ಸಂಜೆ ಡೆಲ್ಮರ್ ನನ್ನನ್ನೂ ನಿಲ್ದಾಣದ ಬೇಲಿಗೆ ಎಳೆದುಕೊಂಡು ಹೋದ.

"ಕೋಚ್ ಆಗಿ ಮುದುಕ ಗ್ರಂಡಿನೇ ಬರ್ಬೇಕು. ಹುಡುಗ್ರು ಹದಕ್ಕೆ ಬರ್ತಾರೆ," ಎಂದ ಡೆಲ್ಮರ್.

"ಗ್ರಂಡಿ ಬೆಂಚ್ ಮೇಲೆ ಗೊರಕೆ ಹೊಡೀತಾನೆ ಅಷ್ಟೆ!" ಎಂದರು ಯಾರೋ.

ಇಮೋಜೀನ್ ಇದ್ದಿದ್ದರೆ ಆ ಎಳೆಯ ಟಾಲ್ಬರ್ಟ್‌ನ ಹೆಸರೆತ್ತಿ ಜಗಳ ತೆಗೆಯುತ್ತಿದ್ದಳು. ಸ್ಟೇಡಿಯಮ್ಮಿನಲ್ಲಿ ನಮ್ಮ ಪಕ್ಕದ ಸೀಟು ಅವಳದು. ಭಾನುವಾರ ತೀರಿಕೊಂಡಳು.

ಪುಟ್ಟ ಬಿಳಿ ವಿಮಾನದಿಂದ ಸೂಟು ತೊಟ್ಟವನೊಬ್ಬ ಇಳಿದದ್ದೇ ತಡ, ಎಲ್ಲರೂ ಹೋ ಎಂದು ಕೂಗಿದೆವು. ತಂಡದ ಟೋಪಿಯೊಂದು ಹಾರಿಹೋಗಿ ಆತನ ಕಾಲ ಬಳಿ ಬಿತ್ತು. ಅದನ್ನೆತ್ತಿಕೊಂಡು ಬೇಲಿಯ ಹತ್ತಿರ ಬಂದ.

"ನಾನು ಕೋಚ್ ಅಲ್ಲಪ್ಪಾ. ಇಮೋಜೀನ್ ತಮ್ಮ. ಅಕ್ಕನ ಮಣ್ಣಿಗೆ ಬಂದೆ."

ಗಂಡಸರೆಲ್ಲ ಟೋಪಿ ತೆಗೆದರು. ಆತನೇ ಕೇಳಿದ: "ನಮ್ಮಕ್ಕ ಯಾರು ಬರ್ಬೇಕು ಅಂತಿದ್ಲು?"

"ಟಾಲ್ಬರ್ಟ್," ಎಂದ ಡೆಲ್ಮರ್. "ಅವಳು ಹೇಳಿದ್ದೇ ಸರಿ ಕಣ್ರೀ."

ಇಷ್ಟು ವರ್ಷಗಳಲ್ಲಿ ಅವಳ ಒಂದು ಮಾತಿಗೂ ಹೌದೆಂದವನಲ್ಲ.

ಈಗಷ್ಟೇ ಮೆಲ್ಲಗೆ ಹೇಳಿದ: "ಆ ಟಾಲ್ಬರ್ಟ್‌ಗೆ ಏನೂ ಬರಲ್ಲ ಕಣೇ."

"ಹೂಂ," ಅಂದೆ.

"ಅದನ್ನ ಇನ್ನು ಯಾರಿಗೆ ಹೇಳ್ಲಿ?"

ನನಗೆ ಆಟದ ತಲೆಬುಡ ಗೊತ್ತಿಲ್ಲ. ಆದರೂ ನಾಳೆಯಿಂದ ನಾನೇ ಟಾಲ್ಬರ್ಟ್ ಪರ ವಾದಿಸಬೇಕು. ಮೊದಲು ಅವನು ಎಲ್ಲಿಯವನೆಂದು ತಿಳಿದುಕೊಳ್ಳಬೇಕು.